ಕೃಷಿಹೊಂಡದ ದಡಕ್ಕೊಂದು ಥ್ರೋ ಬ್ಯಾಗ್: ಕೊಳ್ಳುವ ಮುಂಚೆ ನೋಡಬೇಕಾದ್ದು

ಕೃಷಿಹೊಂಡಕ್ಕೆ ಮಗು ಜಾರಿದರೆ ತಾಯಿ ಹಾರಿಯೇ ಹಾರುತ್ತಾಳೆ. ಈಜು ಬರುತ್ತದೋ ಇಲ್ಲವೋ ಎಂಬ ಲೆಕ್ಕ ಆಗ ತಲೆಗೆ ಬರುವುದಿಲ್ಲ. ಅವಳ ಹಿಂದೆ ಗಂಡ, ಅವನ ಹಿಂದೆ ತಮ್ಮ. ಒಂದೇ ಮನೆಯವರು ಒಂದೇ ನೀರಿನಲ್ಲಿ ಹೋಗುವುದು ಹೀಗೆ. ಯಾರಿಗಾಗಿ ಜೀವ ಒತ್ತೆ ಇಡಬೇಕು ಎಂಬುದನ್ನು ದಡದಲ್ಲಿ ನಿಂತು ತೀರ್ಮಾನಿಸುವಷ್ಟು ಹೊತ್ತು ಯಾರಿಗೂ ಸಿಗುವುದಿಲ್ಲ. ಹಾರಬೇಡ ಅಂತ ತಾಯಿಗೆ ಹೇಳಿ ಫಲವಿಲ್ಲ. ಹಾರುವ ಮೊದಲು ಕೈಗೊಂದು ಹಗ್ಗ ಸಿಗುವಂತೆ ಮಾಡಬಹುದು. ದಾಂಡೇಲಿಯ ಕಡೆ ಕಾಳಿ ನದಿಯಲ್ಲಿ ರಾಫ್ಟಿಂಗ್ ಮಾಡಿಸುವವರ ಬಳಿ ಇರುವ ಥ್ರೋ ಬ್ಯಾಗ್ (ಎಸೆಯುವ ಹಗ್ಗದ ಚೀಲ) ಹೊಲದ ಹೊಂಡಕ್ಕೆ ಎಷ್ಟು ಒದಗುತ್ತದೆ ಅನ್ನುವುದನ್ನು ಇಲ್ಲಿ ನೋಡಿದ್ದೇವೆ.

ಮೊದಲು ಹೊಂಡದ ವಿಚಾರ. 2014ರಲ್ಲಿ ಶುರುವಾದ ಕೃಷಿಭಾಗ್ಯ ಯೋಜನೆಯಿಂದ ಊರೂರಲ್ಲಿ ಹೊಂಡಗಳಾದವು. ದೊಡ್ಡದೆಂದರೆ 21 ಮೀಟರ್ ಉದ್ದ, ಅಷ್ಟೇ ಅಗಲ, 3 ಮೀಟರ್ ಆಳ. ನಾಲ್ಕೂ ಕಡೆ ಇಳಿಜಾರು, ಅದರ ಮೇಲೆ ಪಾಲಿಥೀನ್ ಹಾಳೆ. ನೀರಿನ ಮಟ್ಟದಲ್ಲಿ ಹಾಳೆಗೆ ಪಾಚಿ ಕಟ್ಟಿದ ಮೇಲೆ ಅಲ್ಲಿ ಕಾಲೂ ನಿಲ್ಲದು, ಉಗುರೂ ನಾಟದು. ಕೆರೆಯಲ್ಲಿ ಈಜಿ ಪಳಗಿದವರೂ ಇಲ್ಲಿ ಮೇಲೆ ಹತ್ತಲಾಗದೆ ಸುಸ್ತಾಗಿ ಮುಳುಗುವುದು ಇದೇ ಕಾರಣಕ್ಕೆ.

ಥ್ರೋ ಬ್ಯಾಗ್ ಅಂದರೆ ಮೊಳದುದ್ದದ ಚೀಲ, ಒಳಗೆ ತುರುಕಿದ ತೇಲುವ ಹಗ್ಗ, ತಳದಲ್ಲಿ ಫೋಮಿನ ಬಿಲ್ಲೆ. ಹಗ್ಗದ ಒಂದು ತುದಿ ನಿಮ್ಮ ಕೈಯಲ್ಲಿ ಉಳಿಯುತ್ತದೆ, ಚೀಲ ಹಾರುತ್ತಾ ಹೋದಂತೆ ಉಳಿದದ್ದು ತಾನೇ ಬಿಚ್ಚಿಕೊಳ್ಳುತ್ತದೆ. ಮಾಮೂಲಿ ಹಗ್ಗದ ಸುರುಳಿ ಎಸೆದರೆ ಗಾಳಿಯಲ್ಲೇ ಸಿಕ್ಕಾಗಿ ಅರ್ಧ ದಾರಿಯಲ್ಲಿ ಬೀಳುತ್ತದೆ. ಚೀಲದ ಉಪಯೋಗ ಇರುವುದೇ ಇಲ್ಲಿ.

ಉದ್ದ 15 ಮೀಟರ್ ಸಾಕು. 21 ಮೀಟರಿನ ಹೊಂಡದ ನಟ್ಟನಡುವೆ ಇರುವವರೂ ಒಂದು ಬದಿಯ ಮಧ್ಯದಿಂದ ಹತ್ತೂವರೆ ಮೀಟರ್ ದೂರವಷ್ಟೇ. ಮೂಲೆಯಿಂದಾದರೆ ಹದಿನೈದರ ಹತ್ತಿರ. ಹಾಗಾಗಿ ಮೂಲೆಯಲ್ಲಿ ನಿಂತು ಎಸೆಯಬೇಡಿ. ನಾಲೆ, ಹೊಳೆ ಪಕ್ಕದವರು 20 ಮೀಟರಿನದು ತಗೊಳ್ಳಲಿ. ಹಗ್ಗ ಪಾಲಿಪ್ರೊಪಿಲೀನ್‌ನದೇ ಆಗಿರಬೇಕು, ಅದು ತೇಲುತ್ತದೆ, ನೈಲಾನ್ ಮುಳುಗುತ್ತದೆ. ದಪ್ಪ 8 ಮಿಲಿಮೀಟರಿಗಿಂತ ಕಡಿಮೆ ಬೇಡ. 6 ಮಿಲಿಮೀಟರಿನ ಹಗ್ಗ ಭಾರ ತಡೆಯಬಹುದು, ಒದ್ದೆ ಕೈ ಅದನ್ನು ಹಿಡಿದು ನಿಲ್ಲಲಾರದು, ಅಂಗೈ ಕೊಯ್ಯುತ್ತದೆ.

ಅಗ್ಗದ ಚೀಲಗಳು ಸೋಲುವುದು ತಳದಲ್ಲಿ. ಚೀಲ ತಿರುವಿ ನೋಡಿ: ಹಗ್ಗ ತಳದ ತೂತಿನಿಂದ ಹಾದು, ದಪ್ಪ ಗಂಟು ಬಿದ್ದು, ಹೊರಗೆ ಹಿಡಿಕೆಯ ಕುಣಿಕೆಯಾಗಿದ್ದರೆ ಒಳ್ಳೆಯದು. ಬಟ್ಟೆಗೆ ಬರೀ ಹೊಲಿಗೆ ಹಾಕಿದ್ದರೆ ಬಿಟ್ಟುಬಿಡಿ. ಮುಳುಗುತ್ತಿರುವವರು ಹಿಡಿಯುವುದು ಹೆಚ್ಚಾಗಿ ಚೀಲವನ್ನೇ, ಜಗ್ಗಿದಾಗ ಹೊಲಿಗೆ ಕಿತ್ತು ಬಂದರೆ ಹಗ್ಗ ಇದ್ದೂ ಇಲ್ಲ. ಖಾಲಿ ಚೀಲವನ್ನು ಬಕೆಟ್ಟಿನಲ್ಲಿ ಹತ್ತು ನಿಮಿಷ ಬಿಡಿ, ತೇಲುತ್ತಲೇ ಇರಬೇಕು.

ಎಸೆಯುವಾಗ ಬಾಯಿಯ ಲಾಡಿಯನ್ನು ಪೂರ್ತಿ ಸಡಿಲಿಸಿ, ಎರಡು ಮೀಟರ್ ಹಗ್ಗ ಹೊರಗೆಳೆಯಿರಿ. ತುದಿಯನ್ನು ಎಡಗೈಯಲ್ಲಿ ಹಿಡಿಯಿರಿ; ಮಣಿಕಟ್ಟಿಗೆ ಸುತ್ತಿಕೊಂಡರೆ ನೀವೂ ಒಳಗೆ. ಹೆಸರು ಕೂಗಿ, "ಹಗ್ಗ ಹಿಡ್ಕೋ" ಅನ್ನಿ. ಕೈಯನ್ನು ಕೆಳಗಿನಿಂದ ಬೀಸಿ, ಎದೆಮಟ್ಟಕ್ಕೆ ಬಂದಾಗ ಬಿಡಿ. ತಡವಾಗಿ ಬಿಟ್ಟರೆ ಚೀಲ ಆಕಾಶಕ್ಕೆ ಹೋಗುತ್ತದೆ, ಹೊಸಬರು ಮಾಡುವ ತಪ್ಪು ಇದೇ. ಗುರಿ ತಲೆಯಾಚೆ ಒಂದೆರಡು ಮೀಟರ್, ಹಗ್ಗ ಹೆಗಲ ಮೇಲೆ ಬೀಳುವಂತೆ. ತಪ್ಪಿದರೆ ಮತ್ತೆ ತುಂಬುತ್ತಾ ಕೂರಬೇಡಿ: ಹಗ್ಗ ಎಳೆದುಕೊಂಡು ಕಾಲ ಬಳಿ ಬಿಡಿ, ಚೀಲಕ್ಕೆ ಅರ್ಧ ನೀರು ತುಂಬಿ ಅದರ ತೂಕದಲ್ಲೇ ಮತ್ತೆ ಎಸೆಯಿರಿ.

ಅವರು ಹಿಡಿದ ಕೂಡಲೇ ಏರಿಯ ಮಣ್ಣಿನ ಮೇಲೆ ಕೂತುಬಿಡಿ, ಹಿಮ್ಮಡಿ ಊರಿ. ನಿಂತೇ ಇದ್ದರೆ ಅವರ ಮೊದಲ ಜಗ್ಗಿಗೆ ನೀವು ಹಾಳೆಯ ಮೇಲಿರುತ್ತೀರಿ. ಕೈ ಬದಲಿಸುತ್ತಾ ನಿಧಾನ ಎಳೆಯಿರಿ. ಜೀವ ತೆಗೆಯುವ ಆ ಜಾರು ಈಗ ನಿಮ್ಮ ಕಡೆಗಿದೆ, ಮೈ ಹಾಳೆಯ ಮೇಲೆ ಸಲೀಸಾಗಿ ಮೇಲೆ ಬರುತ್ತದೆ. ಕಡಿದಾದ ಬಾವಿಗೆ ಮಾತ್ರ ಇದು ಸಲ್ಲದು. ಈ ಹಗ್ಗದಲ್ಲಿ ಆಳನ್ನು ನೆಟ್ಟಗೆ ಮೇಲೆತ್ತಲಾಗದು, ಹೆಚ್ಚೆಂದರೆ ಅಗ್ನಿಶಾಮಕದವರು ಬರುವವರೆಗೆ ತೇಲಿಸಿ ಇಡಬಹುದು.

ಇನ್ನು ಈ ಚೀಲ ಸೋಲುವ ಜಾಗ. ಈಜು ಬಾರದವರು ನೀರಿನ ಮೇಲೆ ಒದ್ದಾಡುವುದು ಸುಮಾರು 20ರಿಂದ 60 ಸೆಕೆಂಡು. ಆಗ ಕೈಗಳು ತಾವಾಗಿ ನೀರನ್ನು ಕೆಳಕ್ಕೆ ಒತ್ತುತ್ತಿರುತ್ತವೆ, ಮಾರು ದೂರದ ಹಗ್ಗಕ್ಕೂ ಚಾಚಲಾಗದು. ಮೂರು ನಾಲ್ಕು ವರ್ಷದ ಮಗುವಂತೂ ಹಿಡಿಯುವುದೇ ಇಲ್ಲ. ಆಗ ಯಾರೋ ಇಳಿಯಲೇಬೇಕು, ಇಳಿಯುತ್ತಾರೆ ಕೂಡ. ಇಳಿಯುವವರು ಇದೇ ಹಗ್ಗವನ್ನು ಕಂಕುಳ ಕೆಳಗೆ ಜಾರದ ಗಂಟಿನಿಂದ ಕಟ್ಟಿಕೊಳ್ಳಲಿ. ಇನ್ನೊಂದು ತುದಿ ದಡದಲ್ಲಿರುವವರ ಕೈಯಲ್ಲಿರಲಿ, ಯಾರೂ ಇಲ್ಲದಿದ್ದರೆ ಬೇಲಿಯ ಕಲ್ಲುಕಂಬಕ್ಕೆ. ಕೈಯಲ್ಲಿ ಮುಚ್ಚಳ ಬಿಗಿದ ಖಾಲಿ ಕ್ಯಾನು: 5 ಲೀಟರಿನದು ಹತ್ತಿರಹತ್ತಿರ 5 ಕೆಜಿ ಭಾರ ತೇಲಿಸುತ್ತದೆ, 20 ಲೀಟರಿನದಾದರೆ ಇಬ್ಬರೂ ಆತುಕೊಳ್ಳಬಹುದು. ಹೀಗೆ ಕಟ್ಟಿಕೊಳ್ಳುವುದು ನಿಂತ ನೀರಿಗೆ ಮಾತ್ರ. ಹರಿಯುವ ನಾಲೆಯಲ್ಲಿ ಕಟ್ಟಿಕೊಂಡವರನ್ನು ಸೆಳೆತ ನೀರಿನಡಿಗೆ ಒತ್ತಿಬಿಡುತ್ತದೆ.

ಲೈಫ್ ರಿಂಗ್ (ತೇಲುವ ದುಂಡು ಬಳೆ) ತಗೊಳ್ಳಬಾರದೇ ಅಂದರೆ, ಹಡಗಿನ ದರ್ಜೆಯದು ಎರಡೂವರೆ ಕೆಜಿಗೆ ಕಡಿಮೆ ಇರುವುದಿಲ್ಲ. ಮೇಲೆ ತೇಲಿಸಿ ಹಿಡಿಯುವುದರಲ್ಲಿ ಚೀಲಕ್ಕಿಂತ ಎಷ್ಟೋ ಮೇಲು, ದೂರ ಹೋಗುವುದರಲ್ಲಿ ಕಡಿಮೆ, ತಲೆಗೆ ಬಡಿದರೆ ಪೆಟ್ಟು. ಎರಡೂ ಇಡುವ ಶಕ್ತಿ ಇದ್ದರೆ ಇಡಿ. ಏನೂ ಇಲ್ಲದಾಗ ಸೀರೆ. 2020ರ ಆಗಸ್ಟಿನಲ್ಲಿ ತಮಿಳುನಾಡಿನ ಪೆರಂಬಲೂರು ಜಿಲ್ಲೆಯ ಕೊಟ್ಟರೈ ಅಣೆಕಟ್ಟೆಯಲ್ಲಿ ಮೂವರು ಹೆಂಗಸರು ಉಟ್ಟ ಸೀರೆ ಬಿಚ್ಚಿ ಎಸೆದು ಇಬ್ಬರು ಹುಡುಗರನ್ನು ಎಳೆದುಕೊಂಡರು. ಜೊತೆಗಿದ್ದ ಇಬ್ಬರು ಉಳಿಯಲಿಲ್ಲ. ಸೀರೆಯ ಅಳತೆ ಐದೂವರೆ ಮೀಟರ್, ದಡದ ಹತ್ತಿರ ಇರುವವರಿಗೆ ಅದು ಎಟಕುತ್ತದೆ.

ಮೇಲೆ ತಂದ ಮೇಲೆ ಹೊಟ್ಟೆ ಒತ್ತುವುದು, ತಲೆಕೆಳಗು ಮಾಡಿ ತಿರುಗಿಸುವುದು ಬೇಡ. ಉಸಿರಿಲ್ಲದಿದ್ದರೆ ಮೊದಲು ಬಾಯಿಗೆ ಬಾಯಿಟ್ಟು ಐದು ಸಲ ಉಸಿರು, ಆಮೇಲೆ ಎದೆ 30 ಸಲ ಒತ್ತಿ 2 ಉಸಿರು, ಹಾಗೇ ಮುಂದುವರಿಸಿ. ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ.

ಚೀಲವನ್ನು ಪಂಪ್‌ಶೆಡ್ಡಿನ ಸೂರಿನ ಕೆಳಗೆ, ಹೊರಗೋಡೆಯ ಮೊಳೆಗೆ ನೇತುಹಾಕಿ. ಶೆಡ್ಡಿನೊಳಗಿಟ್ಟು ಬೀಗ ಹಾಕಿದರೆ ಬೀಗದ ಕೈ ಮನೆಯಲ್ಲಿರುತ್ತದೆ. ಬಿಸಿಲಿಗೆ ಈ ಹಗ್ಗ ಬಣ್ಣಗೆಟ್ಟು ಎಳೆಎಳೆಯಾಗಿ ಪುಡಿಯಾಗುತ್ತದೆ. ಉಜ್ಜಿದಾಗ ಕೈಗೆ ಧೂಳು ಹತ್ತಿದರೆ ಹಗ್ಗ ಬದಲಿಸಿ. ಇಲಿ ಕಡಿದಿದೆಯೇ ನೋಡಿ. ಬಳಸಿದ ಮೇಲೆ ನೆರಳಲ್ಲಿ ಒಣಗಿಸಿ, ಸುರುಳಿ ಸುತ್ತದೆ ಗೇಣು ಗೇಣಾಗಿ ತುರುಕುತ್ತಾ ತುಂಬಿ; ಸುತ್ತಿ ಇಟ್ಟದ್ದು ಎಸೆದಾಗ ಗಂಟಾಗುತ್ತದೆ. ತಿಂಗಳಿಗೊಮ್ಮೆ ಮನೆಯ ಹೆಂಗಸರು, ದೊಡ್ಡ ಮಕ್ಕಳು ಎಲ್ಲರೂ ಕಣದಲ್ಲಿ ಹತ್ತು ಹೆಜ್ಜೆ ಆಚೆ ಬಿಂದಿಗೆ ಇಟ್ಟು ಐದೈದು ಸಲ ಎಸೆಯಲಿ.