ನೀಲಾಂಕರೈಯಿಂದ ಬೆಸೆಂಟ್ ನಗರದವರೆಗೆ: ಚೆನ್ನೈನ ಆಮೆ ನಡಿಗೆ

ಕಳೆದ ಫೆಬ್ರವರಿಯ ಒಂದು ಶನಿವಾರ ರಾತ್ರಿ, ಚೆನ್ನೈನ ನೀಲಾಂಕರೈಯಿಂದ ಬೆಸೆಂಟ್ ನಗರದವರೆಗೆ ಸುಮಾರು 7 ಕಿಲೋಮೀಟರ್ ಮರಳಿನ ಮೇಲೆ ಸಾಗುವ ಆಮೆ ನಡಿಗೆಯಲ್ಲಿ ಪಾಲ್ಗೊಂಡೆ. 1988ರಿಂದ ಈ ಕೆಲಸದಲ್ಲಿರುವ ಸ್ಟೂಡೆಂಟ್ಸ್ ಸೀ ಟರ್ಟಲ್ ಕನ್ಸರ್ವೇಷನ್ ನೆಟ್‌ವರ್ಕ್ ಎಂಬ ಸ್ವಯಂಸೇವಕರ ಬಳಗವು, ಆಲಿವ್ ರಿಡ್ಲಿ ಕಡಲಾಮೆಗಳು ಮೊಟ್ಟೆಯಿಡಲು ದಡಕ್ಕೆ ಬರುವ ತಿಂಗಳುಗಳಲ್ಲಿ, ವಾರಾಂತ್ಯದ ರಾತ್ರಿಗಳಂದು ಸಾರ್ವಜನಿಕರನ್ನೂ ಜೊತೆಗೆ ಕರೆದೊಯ್ಯುತ್ತದೆ. ನಮ್ಮ ಹೊನ್ನಾವರ, ಕುಂದಾಪುರದ ತೀರಗಳಿಗೂ ಬರುವುದು ಇದೇ ಜಾತಿಯ ಆಮೆ.

ಹೊರಡುವ ಮುನ್ನ ಸ್ವಯಂಸೇವಕರು ಎಲ್ಲರನ್ನೂ ಕೂರಿಸಿಕೊಂಡು ಕೊಡುವ ವಿವರಣೆಯನ್ನು ಯಾರೂ ತಪ್ಪಿಸಿಕೊಳ್ಳಬಾರದು. ಮೊಟ್ಟೆಯೊಡೆದು ಹೊರಬಂದ ಮರಿಗಳು ಹೆಚ್ಚು ಬೆಳಕಿರುವ ದಿಕ್ಕಿಗೆ ತೆವಳುತ್ತವೆ. ಕತ್ತಲ ತೀರದಲ್ಲಿ ಆ ಬೆಳಕು ಕಡಲ ಮೇಲಿನ ಆಕಾಶದ್ದಾಗಿರುತ್ತದೆ, ಆದರೆ ಚೆನ್ನೈನಲ್ಲಿ ಬೀದಿದೀಪಗಳು ಅದನ್ನು ಮೀರಿಸುವುದರಿಂದ ಮರಿಗಳು ರಸ್ತೆಯ ಕಡೆ ಹೋಗಿ ಸಾಯುತ್ತವೆ. ಇಲ್ಲಿನ ಗೂಡುಗಳನ್ನು ಇದ್ದಲ್ಲೇ ಬಿಡದೆ ಬೇಲಿ ಹಾಕಿದ ಮರಿಕೇಂದ್ರಕ್ಕೆ ಸಾಗಿಸುವುದು ಇದೇ ಕಾರಣಕ್ಕೆ. ಟಾರ್ಚ್ ಹಚ್ಚಬಾರದು, ಫ್ಲ್ಯಾಶ್ ಬಳಸಬಾರದು ಎಂಬ ನಿಯಮವೂ ಆಗ ಅರ್ಥವಾಗುತ್ತದೆ. ಹಾಗಿದ್ದರೂ ನಮ್ಮ ಗುಂಪಿನ ಒಬ್ಬರು ಮೊಬೈಲ್ ಬೆಳಗಿಸಿದಾಗ ನನಗೆ ನಿಜಕ್ಕೂ ಸಂಕಟವಾಯಿತು.

ನಡಿಗೆಯ ಮೊದಲ ಗಂಟೆಯಲ್ಲಿ ಸಿಕ್ಕಿದ್ದು ಒಂದು ಸತ್ತ ಆಮೆ. ಕಡಲಾಮೆಯೂ ಉಸಿರಿಗಾಗಿ ನೀರಿನ ಮೇಲೆ ಬರಲೇಬೇಕಾದ ಪ್ರಾಣಿ. ದೋಣಿಗಳು ನೀರಿನಡಿ ಎಳೆದುಕೊಂಡು ಹೋಗುವ ಟ್ರಾಲ್ ಬಲೆಯಲ್ಲಿ ಸಿಲುಕಿದರೆ ಮುಳುಗಿ ಸಾಯುತ್ತದೆ. ಚಿಪ್ಪಿನ ಮೇಲೆ ಮರಳು ಮೆತ್ತಿಕೊಂಡಿದ್ದ ಅದರ ಸುತ್ತ ಬಹಳ ಹೊತ್ತು ಯಾರೂ ಮಾತನಾಡಲಿಲ್ಲ.

ಎರಡು ಗಂಟೆ ದಾಟಿದ ಮೇಲೆ, ಅಲೆಯಿಂದ ಮೇಲಕ್ಕೆ ಬಂದು ಮತ್ತೆ ಅಲೆಗೇ ಮರಳಿದ್ದ ಹೆಜ್ಜೆಗುರುತು ಕಂಡಿತು; ಟ್ರ್ಯಾಕ್ಟರ್ ಚಕ್ರ ಹಾದುಹೋದ ಹಾಗಿತ್ತು. ಆಮೆ ಆಗಲೇ ಹೊರಟುಹೋಗಿತ್ತು. ಸ್ವಯಂಸೇವಕಿಯೊಬ್ಬರು ಮರಳು ಎಲ್ಲಿ ಸಡಿಲವಾಗಿದೆಯೆಂದು ಮೆಲ್ಲಗೆ ಪರೀಕ್ಷಿಸಿ, ಬಳಿಕ ಬರಿಗೈಯಿಂದ ತೋಡತೊಡಗಿದರು. ಮೊಳದಷ್ಟು ಆಳದಲ್ಲಿ, ಕತ್ತು ಕಿರಿದಾಗಿ ಹೊಟ್ಟೆ ಅಗಲವಾದ ಹೂಜಿಯಂತಹ ಗುಂಡಿಯೊಳಗೆ, ಪಿಂಗ್‌ಪಾಂಗ್ ಚೆಂಡಿನ ಗಾತ್ರದ ಬಿಳಿಯ ಮೊಟ್ಟೆಗಳಿದ್ದವು. ಎಣಿಸಿದಾಗ 112. ಹಿಂಗಾಲುಗಳಿಂದಲೇ, ತಾನು ತೋಡುತ್ತಿರುವುದನ್ನು ಒಮ್ಮೆಯೂ ನೋಡದೆ, ಇಷ್ಟು ಅಚ್ಚುಕಟ್ಟಾದ ಗೂಡನ್ನು ಆಮೆ ಮಾಡುತ್ತದೆ ಎಂಬುದು ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ.

ಆಮೆಯನ್ನು ಕಣ್ಣಾರೆ ಕಾಣುವ ಖಾತರಿ ಇಲ್ಲಿಲ್ಲ, ಮತ್ತು ಇದನ್ನು ನಾನು ಕೊರತೆಯೆಂದು ಎಣಿಸುವುದಿಲ್ಲ. ಕಡಲಾಮೆಯಲ್ಲದಿದ್ದರೂ ಸರಿ, ಆಮೆಯನ್ನೇ ನೋಡಬೇಕೆನ್ನುವವರು ಇದೇ ಊರಿನ ಹೊರವಲಯದಲ್ಲಿರುವ ಸರೀಸೃಪಗಳ ಉದ್ಯಾನ ಮದ್ರಾಸ್ ಕ್ರೊಕೊಡೈಲ್ ಬ್ಯಾಂಕಿನಲ್ಲಿ ಸಿಹಿನೀರಿನ ಆಮೆಗಳ ಕೊಳಗಳ ಬಳಿ ಹಗಲಿನಲ್ಲೇ ನಿಲ್ಲಬಹುದು. ಮೊಣಕಾಲು ನೋವಿರುವವರಿಗೆ ಮತ್ತು ತೀರಾ ಚಿಕ್ಕ ಮಕ್ಕಳಿಗೆ ಈ ನಡಿಗೆ ಹೊಂದುವುದಿಲ್ಲ. ಅವರಿಗೆ ಮಾರ್ಚ್, ಏಪ್ರಿಲ್‌ನಲ್ಲಿ ಮರಿಗಳನ್ನು ಕಡಲಿಗೆ ಬಿಡುವ ಸಂಜೆಗಳೇ ಸರಿ. ನೀರು ತೆಗೆದುಕೊಂಡು ಹೋಗಿ, ಗಾಢ ಬಣ್ಣದ ಬಟ್ಟೆ ತೊಡಿ, ಮಧ್ಯಾಹ್ನವೇ ಸ್ವಲ್ಪ ನಿದ್ದೆ ಮಾಡಿ.

ನಸುಕಿನ ನಾಲ್ಕರ ಹೊತ್ತಿಗೆ ಬೆಸೆಂಟ್ ನಗರದ ಮರಿಕೇಂದ್ರದಲ್ಲಿ, ಮೂಲ ಗೂಡಿನ ಅಳತೆಗೆ ಸರಿಯಾಗಿ ಮತ್ತೊಂದು ಗುಂಡಿ ತೋಡಿ, ಮೊಟ್ಟೆಗಳನ್ನು ಒಂದೊಂದಾಗಿ ಇಳಿಸಿ, ಮೇಲೆ ಅದೇ ಗೂಡಿನಿಂದ ತಂದಿದ್ದ ಒದ್ದೆ ಮರಳನ್ನು ಮುಚ್ಚಿದರು. ಮರಿಗಳು ಹೊರಬರಲು 45ರಿಂದ 60 ದಿನ ಬೇಕು. ಆ ತಾರೀಖುಗಳನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದೇನೆ.