ಐದು ದಿನದ ವಿಜ್ಞಾನ ಶಿಬಿರ: ಹೊರಗಡೆ ಸೂಪರ್, ಒಳಗಡೆ ಸುಮಾರು

ಏಪ್ರಿಲ್ ಕೊನೆಯಲ್ಲಿ ಮಗಳನ್ನು ಬೆಂಗಳೂರಿನ ಒಂದು ವಿಜ್ಞಾನ ಬೇಸಿಗೆ ಶಿಬಿರಕ್ಕೆ ಹಾಕಿದ್ದೆ. ಐದು ದಿನ, ಬೆಳಗ್ಗೆ 9:30ರಿಂದ 1 ಗಂಟೆ. 6ರಿಂದ 10 ವರ್ಷದ ಮಕ್ಕಳಿಗೆ. ಫೀಸು 4,500 ರೂಪಾಯಿ. ಹೆಸರು ಬರೆಯುವುದಿಲ್ಲ, ಯಾಕಂದ್ರೆ ಬೈಯೋದೂ ಇದೆ, ಹೊಗಳೋದೂ ಇದೆ, ಮುಂದಿನ ವರ್ಷ ಮತ್ತೆ ಅಲ್ಲಿಗೇ ಹೋಗಿ ನಿಲ್ಲಬೇಕಾಗಬಹುದು.

ಮೊದಲು ಬೈದು ಮುಗಿಸುತ್ತೇನೆ. ಮೊದಲ ದಿನ ಪೂರ್ತಿ ರೂಮಿನೊಳಗೆ. ಅಡುಗೆ ಸೋಡಾಕ್ಕೆ ವಿನಿಗರ್ ಸುರಿಸಿ 'ಜ್ವಾಲಾಮುಖಿ' ಮಾಡಿಸಿದರು. ನೊರೆ ಉಕ್ಕಿತು, ಮಕ್ಕಳು ಕಿರುಚಿದರು, ವಾಟ್ಸಾಪ್ ಗ್ರೂಪಿಗೆ ಫೋಟೊ ಬಂತು. ಆ ನೊರೆಯಲ್ಲಿ ಏನಿತ್ತು ಅಂತ ಮನೆಯಲ್ಲಿ ಕೇಳಿದರೆ ಮಗಳು "ಲಾವಾ" ಅಂದಳು! ಗೋಲಿಸೋಡಾ ಒಡೆದಾಗ ಬುಸ್ ಅನ್ನೋ ಅನಿಲವೇ ಇದು, ಉರಿಯೋ ಬೆಂಕಿಕಡ್ಡಿಯನ್ನು ಆ ಲೋಟದೊಳಗೆ ಇಳಿಸಿದರೆ ಆರಿಹೋಗುತ್ತೆ ಅಂತ ತೋರಿಸೋಕೆ ಎರಡು ನಿಮಿಷ ಸಾಕಿತ್ತು. 24 ಮಕ್ಕಳಿಗೆ ಇಬ್ಬರೇ ಟೀಚರ್. ಸಾಲದ್ದಕ್ಕೆ ಟೀ ಶರ್ಟಿಗೆ ಅಂತ ಬೇರೆ 300 ರೂಪಾಯಿ ಕಿತ್ತರು, ಅದು ಮಗಳ ಮೊಣಕಾಲು ಮುಟ್ಟುತ್ತೆ.

ಎರಡನೇ ದಿನ ಲಾಲ್‌ಬಾಗ್. ಜೊತೆಗೆ ಬರೋಕೆ ಇಬ್ಬರು ಪೇರೆಂಟ್ಸ್ ಬೇಕು ಅಂದರು, ನಾನೂ ಹೋದೆ. ಶಿಬಿರ ಶುರುವಾಗಿದ್ದೇ ಅವತ್ತು ಅನ್ನಬೇಕು. ಕೆಂಪೇಗೌಡ ಗೋಪುರ ಇರೋ ಆ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು ಅಂತ ಮಿಸ್ ಹೇಳಿದರು. ಆ ಸಂಖ್ಯೆ ಎಂಟು ವರ್ಷದವರ ತಲೆಗೆ ಎಲ್ಲಿ ಹೋಗುತ್ತೆ? ಅದಕ್ಕೇ ಇರಬೇಕು, ಅವರು ಅಷ್ಟಕ್ಕೇ ಬಿಡದೆ ಎಲ್ಲರ ಕೈಗೂ ಒಂದೊಂದು ಭೂತಗನ್ನಡಿ ಕೊಟ್ಟು, ಹೊಟ್ಟೆ ಮೇಲೆ ಮಲಗಿಸಿ, ಬಂಡೆಯಲ್ಲಿ ಬಿಳಿ ಪಟ್ಟೆ ಎಲ್ಲಿ, ಕಪ್ಪು ಪಟ್ಟೆ ಎಲ್ಲಿ ಅಂತ ಹುಡುಕಿಸಿದರು. ಕಪ್ಪು ಪಟ್ಟೆಯಲ್ಲಿ ಮಿಣಮಿಣ ಅನ್ನೋದು ಕಾಗೆಬಂಗಾರ ಅಂತ ಗೊತ್ತಾದ ಮೇಲೆ ಒಬ್ಬರೂ ಏಳೋಕೆ ತಯಾರಿಲ್ಲ.

ಆಮೇಲೆ ಎಲೆ ಹೊಲಿದು ಗೂಡು ಕಟ್ಟೋ ಕೆಂಪಿರುವೆ. ದೊಡ್ಡ ಇರುವೆಗಳ ಹತ್ತಿರ ದಾರ ಇಲ್ಲವಂತೆ. ರೇಷ್ಮೆ ಬರೋದು ಮರಿಹುಳದ ಬಾಯಿಂದ. ಆ ಮರಿಹುಳವನ್ನೇ ಕಚ್ಚಿ ಹಿಡಿದುಕೊಂಡು ಮಗ್ಗದ ಲಾಳಿ ಹಾಗೆ ಒಂದು ಎಲೆಯಿಂದ ಇನ್ನೊಂದು ಎಲೆಗೆ ಓಡಿಸುತ್ತವೆ. ಇದು ನನಗೂ ಗೊತ್ತಿರಲಿಲ್ಲ. ಒಬ್ಬ ಹುಡುಗನಿಗೆ ಇರುವೆ ಕಚ್ಚಿತು, ಅವತ್ತಿನ ಹೀರೋ ಅವನೇ. ಗುಲ್‌ಮೊಹರ್ ಹೂ ಬಿಡಿಸಿ ಎಸಳು ಐದು, ಅದರಲ್ಲಿ ಬಿಳಿ ಇರೋದು ಒಂದೇ, ಕೇಸರ ಹತ್ತು ಅಂತ ಎಣಿಸಿದ್ದೂ ಆಯ್ತು. ಎಣಿಸಿದ ಕೇಸರಗಳಲ್ಲಿ ಕೋಳಿ ಜಗಳ ಶುರುವಾಗಿದ್ದು ಮಾತ್ರ ಸಿಲೆಬಸ್‌ನಲ್ಲಿ ಇರಲಿಲ್ಲ, ಶುರು ಮಾಡಿದ್ದು ನಾನು.

ನಿಜವಾಗಿ ದುಡ್ಡು ವಸೂಲಾಗಿದ್ದು 24ನೇ ತಾರೀಖು, ಶೂನ್ಯ ನೆರಳಿನ ದಿನ. ಬೆಂಗಳೂರಲ್ಲಿ ಸೂರ್ಯ ನೆತ್ತಿ ಮೇಲೆ ನೇರವಾಗಿ ಬರೋದು ವರ್ಷಕ್ಕೆ ಎರಡೇ ಸಲ, ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸು. ಟೆರೇಸ್ ಮೇಲೆ ಒಂದು ಮೊಳದ ಪ್ಲಾಸ್ಟಿಕ್ ಪೈಪ್ ನಿಲ್ಲಿಸಿ, 11:30ರಿಂದ ಹತ್ತು ನಿಮಿಷಕ್ಕೊಮ್ಮೆ ಅದರ ನೆರಳಿನ ತುದಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿಸಿದರು. ನೆರಳು ಕುಗ್ಗುತ್ತಾ ಕುಗ್ಗುತ್ತಾ ಪೈಪಿನ ಬುಡಕ್ಕೇ ಬಂತು. 12:17ಕ್ಕೆ ಮೇಲಿಂದ ಬಗ್ಗಿ ನೋಡಿದರೆ ಪೈಪಿನೊಳಗೆ ತಳದವರೆಗೂ ಬಿಸಿಲು, ನೆಲದ ಮೇಲೆ ಬಳೆಯಷ್ಟು ತೆಳ್ಳಗೆ ಒಂದು ಕಪ್ಪು ಸುತ್ತು, ಅಷ್ಟೇ. "ಅಮ್ಮಾ, ನನ್ನ ನೆರಳು ಚಪ್ಪಲಿ ಕೆಳಗೆ ಹೋಯ್ತು" ಅಂತ ಇವಳು ಕುಣಿದಳು. ಮೈಯೆಲ್ಲ ಬೆವರು, ಯಾರಿಗೂ ನೆನಪಿಲ್ಲ.

ಆದರೆ ಒಂದು ಹುಡುಗಿ "12 ಗಂಟೆಗೇ ಯಾಕಾಗಲಿಲ್ಲ?" ಅಂತ ಕೇಳಿದಾಗ ಇನ್ನೊಬ್ಬ ಟೀಚರ್ ಜ್ಯೂಸ್ ಕುಡಿಯೋಕೆ ಕರೆದುಬಿಟ್ಟರು. ಅಯ್ಯೋ, ಎಂಥ ಪ್ರಶ್ನೆ ಅದು! ನಮ್ಮ ಗಡಿಯಾರ ನಡೆಯೋದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ, ಅದು ಅಲಹಾಬಾದಿನ (ಈಗಿನ ಪ್ರಯಾಗ್‌ರಾಜ್) ಹತ್ತಿರ ಹಾದುಹೋಗುತ್ತೆ. ಬೆಂಗಳೂರು ಅದಕ್ಕಿಂತ ಸುಮಾರು ಐದು ಡಿಗ್ರಿ ಪಶ್ಚಿಮಕ್ಕಿದೆ. ಡಿಗ್ರಿಗೆ ನಾಲ್ಕು ನಿಮಿಷದಂತೆ ನಮ್ಮ ನೆತ್ತಿಗೆ ಸೂರ್ಯ ತಡವಾಗಿ ಬರುತ್ತಾನೆ. ಅವತ್ತು ರಾತ್ರಿ ಊಟದ ಟೇಬಲ್ ಮೇಲೆ ಮೂಸಂಬಿ, ಎರಡು ಲವಂಗ, ಟಾರ್ಚ್ ಇಟ್ಟುಕೊಂಡು ಇವಳಿಗೆ ನಾನೇ ತೋರಿಸಿದೆ. ಟೀಚರ್ ಬಳಿ ಮೂಸಂಬಿ ಜ್ಯೂಸೇ ಇತ್ತಲ್ಲ, ಹಣ್ಣು ಸಿಗುತ್ತಿರಲಿಲ್ವಾ?

ಕೊನೆಯ ದಿನ ಸ್ಲೈಮ್, ಸರ್ಟಿಫಿಕೇಟ್, ಗ್ರೂಪ್ ಫೋಟೊ. ಅದರ ಬಗ್ಗೆ ಬರೆಯೋಕೆ ಏನೂ ಇಲ್ಲ.

ಹಾಕಬಹುದಾ ಅಂದ್ರೆ, ಹೊರಗಡೆಯ ಮೂರು ದಿನಕ್ಕೆ ಮಾತ್ರ ಫೀಸು ತಗೊಂಡರೆ ಕಣ್ಣು ಮುಚ್ಚಿ ಹಾಕಿ. ಐದು ದಿನಕ್ಕೆ 4,500 ಸ್ವಲ್ಪ ಜಾಸ್ತಿನೇ. ದುಡ್ಡು ಕಟ್ಟೋ ಮುಂಚೆ ಎಷ್ಟು ಗಂಟೆ ರೂಮಲ್ಲಿ, ಎಷ್ಟು ಗಂಟೆ ಮರದ ಕೆಳಗೆ, ಒಬ್ಬ ಟೀಚರ್‌ಗೆ ಎಷ್ಟು ಮಕ್ಕಳು ಅಂತ ಕೇಳಿ. ಲಾಲ್‌ಬಾಗಿಗೆ 7 ಗಂಟೆಗೇ ಕರೆದುಕೊಂಡು ಹೋಗಿ ಅಂತಲೂ ಹೇಳಿ, 10 ಗಂಟೆ ಬಿಸಿಲಲ್ಲಿ ಹಕ್ಕಿಗಳು ಎಲ್ಲಿ ಸಿಗುತ್ತವೆ? ಟೋಪಿ, ನೀರಿನ ಬಾಟಲಿ ಮನೆಯಿಂದಲೇ ಕಳಿಸಿ.

ಇವಳು ಕ್ಯಾಲೆಂಡರಿನಲ್ಲಿ ಆಗಸ್ಟ್ 18ಕ್ಕೆ ಸುತ್ತು ಹಾಕಿ '12:24' ಅಂತ ಬರೆದಿದ್ದಾಳೆ. ಮಳೆಗಾಲದಲ್ಲಿ ಸೂರ್ಯ ಕಾಣೋದೇ ಡೌಟು ಅಂದರೆ ಕೇಳುತ್ತಿಲ್ಲ, ಪೈಪ್ ಮಂಚದ ಕೆಳಗಿದೆ.