ಕಮೋಡ್ ಪೂರ್ತಿ ಬದಲಾಯಿಸಬೇಕು ಎಂದು ಹೆದರಿಸುವವರಿದ್ದಾರೆ, ಹುಷಾರು

ಬೆಂಗಳೂರಿನಲ್ಲಿ ಸ್ವಂತ ಮನೆ ಇರುವವರಿಗೆ, ಅದರಲ್ಲೂ ವಯಸ್ಸಾದ ಅಪ್ಪ ಅಮ್ಮನನ್ನು ಮನೆಯಲ್ಲಿ ಬಿಟ್ಟು ಕೆಲಸಕ್ಕೆ ಹೋಗುವವರಿಗೆ ಇದನ್ನು ಬರೆಯುತ್ತಿದ್ದೇನೆ. ಫ್ಲಶ್ ಟ್ಯಾಂಕ್ ಸೋರುತ್ತಿದೆ ಎಂದು ಮೊಬೈಲಿನಲ್ಲಿ ಹುಡುಕಿ, ಮೊದಲು ಕಂಡ ನಂಬರಿಗೆ ಫೋನ್ ಮಾಡಬೇಡಿ. ಮೇಲುಗಡೆ ಬರುವ ಎಷ್ಟೋ ನಂಬರುಗಳು ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತು. ದೊಡ್ಡ ಕಂಪನಿಯ ಹೆಸರಿನ ಪಕ್ಕದಲ್ಲಿ 'ಸರ್ವಿಸ್ ಸೆಂಟರ್' ಎಂದು ಸೇರಿಸಿಕೊಂಡಿರುತ್ತಾರೆ, ಆ ಕಂಪನಿಗೂ ಇವರಿಗೂ ಸಂಬಂಧವೇ ಇರುವುದಿಲ್ಲ. ನಮ್ಮ ಮನೆಗೆ ಬಂದವನೂ ಅಂಥವನೇ.

ನಮ್ಮದು ಮಹಾಲಕ್ಷ್ಮಿ ಲೇಔಟ್. ಮೇಲೆ ನಾವು, ಕೆಳಗೆ ಬಾಡಿಗೆಯವರು. ಟ್ಯಾಂಕಿನಿಂದ ಕಮೋಡಿಗೆ ಸದಾ ಸಣ್ಣಗೆ ನೀರು ಇಳಿಯುತ್ತಿತ್ತು. 2024ರ ಬೇಸಿಗೆಯಲ್ಲಿ ಟ್ಯಾಂಕರಿಗಾಗಿ ಕಾದು ಕೂತವರಿಗೆ ಆ ಸದ್ದು ಹೇಗೆ ಕೇಳಿಸುತ್ತದೆ ಗೊತ್ತಲ್ವಾ. ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ ಪಂಪ್ ಆಗಿ ಬರುವ ಕಾವೇರಿ ನೀರು ಹೀಗೆ ಸುಮ್ನೆ ಹರಿದು ಹೋಗುತ್ತಿದೆ ಅಂತ ಅಮ್ಮನಿಗೆ ಸಂಕಟ. ಅವರೇ ಫೋನ್ ಮಾಡಿಸಿದರು. ಕಂಪನಿಯ ಹೆಸರಿದ್ದ ಟೀ ಶರ್ಟ್ ಹಾಕಿಕೊಂಡ ಹುಡುಗ ಅರ್ಧ ಗಂಟೆಯಲ್ಲಿ ಬಂದ.

ಅವನು ಟ್ಯಾಂಕಿನ ಮುಚ್ಚಳ ತೆಗೆದ, ಒಳಗೆ ಕೈ ಕೂಡ ಹಾಕಲಿಲ್ಲ. ಟಾರ್ಚ್ ಹಿಡಿದು ಕಮೋಡಿನ ಒಳಗೋಡೆಯ ಮೇಲಿದ್ದ ಕಂದು ಗೆರೆಯೊಂದನ್ನು ತೋರಿಸಿದ. "ಆಂಟಿ, ಕ್ರ್ಯಾಕ್ ಬಿಟ್ಟಿದೆ. ಕೂತಾಗ ಒಡೆದರೆ ತೊಡೆ ಕುಯ್ಯುತ್ತೆ, ನಿಮ್ಮ ವಯಸ್ಸಿಗೆ ರಿಸ್ಕ್ ಬೇಡ." ಮಂಡಿನೋವಿರುವ ಅಮ್ಮ ಹೆದರಿದರು, ಯಾರಾದರೂ ಹೆದರುತ್ತಾರೆ. ಆಮೇಲೆ ನೀರಿನ ಮಾತು ತೆಗೆದ. ಹಳೆಯ ಟ್ಯಾಂಕು ಪ್ರತಿ ಸಲ ಹತ್ತು ಲೀಟರ್ ಸುರಿಯುತ್ತೆ, ಈಗಿನದು ಸಣ್ಣ ಬಟನ್‌ಗೆ ಮೂರು, ದೊಡ್ಡದಕ್ಕೆ ಆರು ಅಂತ. ಇದೇನೂ ಸುಳ್ಳಲ್ಲ, ಡ್ಯುಯಲ್ ಫ್ಲಶ್ ಟ್ಯಾಂಕುಗಳು ಇರುವುದೇ ಹಾಗೆ. ಇಂಥವರ ಮಾತಿನಲ್ಲಿ ಅರ್ಧ ನಿಜವೇ ಇರುತ್ತದೆ, ಅದಕ್ಕೇ ನಂಬಿಕೆ ಬರುತ್ತದೆ. ಆದರೆ ನೀರು ಉಳಿಸಬೇಕೆಂದರೆ ಟ್ಯಾಂಕ್ ಒಂದನ್ನೇ ಬದಲಾಯಿಸಬಹುದಿತ್ತು. ಅದನ್ನು ಅವನು ಹೇಳಲಿಲ್ಲ.

ಒಂಬತ್ತು ಸಾವಿರ ಅಡ್ವಾನ್ಸ್ ಇಸಿದುಕೊಂಡು ಹೋಗಿ, ಪೆಟ್ಟಿಗೆ ಇಲ್ಲದ ಕಮೋಡ್ ಒಂದನ್ನು ಆಟೋದಲ್ಲಿ ತಂದ. ಬಿಲ್ ಇಲ್ಲ. ಕಂಪನಿಯ ಹೆಸರಿದ್ದದ್ದು ಒಂದು ಸ್ಟಿಕ್ಕರಿನಲ್ಲಿ ಮಾತ್ರ. ನಾನು ಆಮೇಲೆ ಉಗುರಿನಲ್ಲಿ ಎಬ್ಬಿಸಿದೆ, ಪೂರ್ತಿ ಕಿತ್ತು ಬಂತು, ಕೆಳಗೆ ಬರೀ ಬಿಳಿ ಪಿಂಗಾಣಿ. ಒಳ್ಳೆ ಕಂಪನಿಯ ಮಾಲಿನಲ್ಲಿ ಹೆಸರು ಪಿಂಗಾಣಿಯ ಜೊತೆಗೇ ಸುಟ್ಟು ಅಚ್ಚಾಗಿರುತ್ತದೆ, ಉಜ್ಜಿದರೆ ಹೋಗುವುದಿಲ್ಲ.

ಇಷ್ಟೇ ಆಗಿದ್ದರೆ ದುಡ್ಡು ಹೋಯಿತು ಎಂದು ಸುಮ್ಮನಾಗುತ್ತಿದ್ದೆವು. ದೊಡ್ಡ ಅನಾಹುತ ಅಳತೆಯಲ್ಲಿ ಆಯಿತು. ನೆಲಕ್ಕೆ ಕೂರುವ, ಗಲೀಜು ನೇರ ನೆಲದ ಪೈಪಿಗೇ ಇಳಿಯುವ ಎಸ್ ಟ್ರ್ಯಾಪ್ ಕಮೋಡಿನಲ್ಲಿ, ಹಿಂದಿನ ಗೋಡೆಯಿಂದ ನೆಲದ ಪೈಪಿನ ನಡುಮಧ್ಯಕ್ಕೆ ಎಷ್ಟು ಇಂಚು ಅನ್ನುವುದೇ ಮುಖ್ಯ. ನಾಲ್ಕು, ಒಂಬತ್ತು, ಹನ್ನೆರಡು ಇಂಚಿನವು ಸಿಗುತ್ತವೆ. ನಮ್ಮದು ಒಂಬತ್ತು. ಅವನು ಟೇಪ್ ಹಿಡಿಯದೆ ಹನ್ನೆರಡು ಇಂಚಿನದನ್ನು ತಂದಿದ್ದ. ವಾಪಸ್ ಕೊಟ್ಟು ಬರುವ ಬದಲು ಟೈಲ್ಸ್ ಒಡೆದು, ನೆಲ ಅಗೆದು, ಪೈಪಿಗೆ ಒಂದು ಸೊಟ್ಟ ಜೋಡಣೆ ಕೊಟ್ಟು, ಮೇಲೆ ವೈಟ್ ಸಿಮೆಂಟ್ ಮೆತ್ತಿದ. ಜೋಡಣೆ ಸೋರದಂತೆ ಇಡುವ ರಬ್ಬರ್ ಗ್ಯಾಸ್ಕೆಟ್ ಹಾಕಲಿಲ್ಲ. ನೆಲಕ್ಕೆ ಸ್ಕ್ರೂ ಕೂಡ ಹೊಡೆಯಲಿಲ್ಲ. ಉಳಿದ ದುಡ್ಡು ಇಸಿದುಕೊಂಡು ಹೊರಟ. ಒಟ್ಟು ಹದಿನಾಲ್ಕೂವರೆ ಸಾವಿರ.

ನಮ್ಮ ಊರಿನ ಬಾತ್‌ರೂಮುಗಳಲ್ಲಿ ನೆಲದ ಸ್ಲ್ಯಾಬನ್ನು ಸಾಮಾನ್ಯವಾಗಿ ತಗ್ಗಿಸಿ ಕಟ್ಟಿರುತ್ತಾರೆ, ಸಂಕನ್ ಸ್ಲ್ಯಾಬ್ ಅಂತಾರಲ್ಲ, ಅದು. ಆ ತಗ್ಗಿನಲ್ಲಿ ಪೈಪು ಹಾಯಿಸಿ, ಇಟ್ಟಿಗೆ ಚೂರು ತುಂಬಿ, ಮೇಲೆ ಟೈಲ್ಸ್ ಹಾಕುತ್ತಾರೆ. ಅಲ್ಲಿ ಜೋಡಣೆ ಸೋರಿದರೆ ಮೇಲೆ ಏನೂ ಕಾಣುವುದಿಲ್ಲ. ಗಲೀಜು ನೀರು ಒಳಗೊಳಗೇ ತುಂಬಿಕೊಳ್ಳುತ್ತಾ ಹೋಗುತ್ತದೆ. ಒಂದು ಬೆಳಗ್ಗೆ ಕೆಳಗಿನ ಮನೆಯವರು ಮೇಲೆ ಬಂದು, "ಅಕ್ಕಾ, ನಮ್ಮ ಅಡುಗೆಮನೆ ಸೀಲಿಂಗ್ ಸ್ವಲ್ಪ ಬಂದು ನೋಡ್ತೀರಾ" ಎಂದು ಕರೆದರು. ಒಲೆಯ ಪಕ್ಕದಲ್ಲೇ ಹಳದಿ ಕಲೆ, ಅಂಚಿನಲ್ಲಿ ಹನಿ. ಅವರಿಗೆ ಪುಟ್ಟ ಮಗು ಇದೆ. ಅವರು ಒಂದು ಮಾತೂ ಗಟ್ಟಿಯಾಗಿ ಆಡಲಿಲ್ಲ, ನನಗೆ ಮಾತ್ರ ತಲೆ ಎತ್ತಲಾಗಲಿಲ್ಲ.

ಆ ನಂಬರಿಗೆ ಫೋನ್ ಮಾಡಿದರೆ ಸ್ವಿಚ್ ಆಫ್. ಕೊನೆಗೆ ನಮ್ಮ ರಸ್ತೆಯ ಹಾರ್ಡ್‌ವೇರ್ ಅಂಗಡಿಯವರು ಒಬ್ಬ ಹಿರಿಯ ಪ್ಲಂಬರನ್ನು ಕಳಿಸಿದರು. ಸಿಮೆಂಟಿನಲ್ಲಿ ಕಚ್ಚಿಕೊಂಡಿದ್ದ ಹೊಸ ಕಮೋಡನ್ನು ಒಡೆದೇ ತೆಗೆಯಬೇಕಾಯಿತು. ಹಳೆಯದು ಗುಜರಿಯವನು ಬಂದಿಲ್ಲದ ಕಾರಣ ಟೆರೇಸಿನಲ್ಲೇ ಬಿದ್ದಿತ್ತು. ಅವರು ಅದರ ಟ್ಯಾಂಕ್ ಬಿಚ್ಚಿ, ಫ್ಲಶ್ ವಾಲ್ವಿನ ಕೆಳಗಿನ ರಬ್ಬರ್ ವಾಷರನ್ನು ನನ್ನ ಅಂಗೈಗೆ ಹಾಕಿದರು. ಬೋರ್‌ವೆಲ್ ನೀರಿನ ಉಪ್ಪು ಬಿಳಿಯಾಗಿ ಕಟ್ಟಿ ರಬ್ಬರು ಗಟ್ಟಿಯಾಗಿತ್ತು, ಬಗ್ಗಿಸಿದರೆ ಚಕ್ಕುಲಿಯ ಹಾಗೆ ಮುರಿಯಿತು. "ಇಷ್ಟೇ ಮೇಡಂ ರೋಗ" ಎಂದರು. ಅಂಗಡಿಯಲ್ಲಿ ಆ ವಾಷರು ನೂರು ರೂಪಾಯಿಯೊಳಗೆ ಸಿಗುತ್ತದೆ. ಆ 'ಕ್ರ್ಯಾಕ್' ಕೂಡ ನೀರು ಸದಾ ಒಂದೇ ಜಾಗದಲ್ಲಿ ಇಳಿದು ಕಟ್ಟಿದ ಕಲೆ. ಸ್ವಲ್ಪ ಆಸಿಡ್ ಹಾಕಿ ಉಜ್ಜಿದರು, ಹೋಯಿತು. ಅದೇ ಹಳೆಯ ಕಮೋಡನ್ನು ಹೊಸ ಗ್ಯಾಸ್ಕೆಟ್ ಇಟ್ಟು, ಸ್ಕ್ರೂ ಹೊಡೆದು ಕೂರಿಸಿದ್ದಾರೆ. ಅಗೆದ ಜಾಗಕ್ಕೆ ವಾಟರ್‌ಪ್ರೂಫಿಂಗ್, ಟೈಲ್ಸ್, ಕೆಳಗಿನವರ ಸೀಲಿಂಗ್, ಇದೆಲ್ಲ ಸೇರಿ ಮೊದಲಿನ ಖರ್ಚಿಗಿಂತ ಜಾಸ್ತಿ ಆಯಿತು.

ದಯವಿಟ್ಟು ಇಷ್ಟು ಮಾಡಿ. ಟ್ಯಾಂಕ್ ಸೋರುತ್ತಿದೆ ಅನ್ನಿಸಿದರೆ ಅಡುಗೆಗೆ ಹಾಕುವ ಬಣ್ಣವನ್ನು ಸ್ವಲ್ಪ ಟ್ಯಾಂಕಿಗೆ ಹಾಕಿ, ಅರ್ಧ ಗಂಟೆ ಫ್ಲಶ್ ಮಾಡದೆ ಬಿಡಿ. ಕಮೋಡಿನಲ್ಲಿ ಬಣ್ಣ ಕಂಡರೆ ತೊಂದರೆ ಇರುವುದು ಬಹುತೇಕ ವಾಲ್ವ್ ಅಥವಾ ವಾಷರಿನಲ್ಲಿ. ಪ್ಲಂಬರ್ ಬರುವವರೆಗೆ ಟ್ಯಾಂಕಿಗೆ ನೀರು ಬರುವ ಪೈಪಿನ ಸಣ್ಣ ನಲ್ಲಿ, ಅಂದರೆ ಆಂಗಲ್ ಕಾಕ್ ಮುಚ್ಚಿಟ್ಟು ಬಕೆಟ್ಟಿನಲ್ಲಿ ನೀರು ಹಾಕಿದರೆ ಆಯಿತು, ಯಾವ ಆತುರವೂ ಇಲ್ಲ. ಬದಲಾಯಿಸಲೇಬೇಕು ಎಂದು ಯಾರಾದರೂ ಹೇಳಿದರೆ ಇನ್ನೊಬ್ಬರಿಗೆ ತೋರಿಸಿ. ಕಮೋಡನ್ನು ನೀವೇ ಅಂಗಡಿಗೆ ಹೋಗಿ ಬಿಲ್ ಹಾಕಿಸಿ ತನ್ನಿ, ಇಂಚಿನ ಅಳತೆ ಬರೆದುಕೊಂಡು ಹೋಗಿ. ಕೂರಿಸಿದ ಮೇಲೆ ಎರಡು ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿ, ನಾಲ್ಕೈದು ಸಲ ಫ್ಲಶ್ ಮಾಡಿ ಬುಡದಲ್ಲಿ ತೇವ ಇದೆಯಾ ಎಂದು ಒಣ ಪೇಪರ್ ಇಟ್ಟು ನೋಡಿ, ಆಮೇಲೆ ದುಡ್ಡು ಕೊಡಿ.

ಈಗಾಗಲೇ ಮೋಸ ಹೋಗಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿ. ಬಿಲ್ ಇಲ್ಲದಿದ್ದರೂ ಯುಪಿಐ ರಸೀದಿ, ವಾಟ್ಸಾಪ್ ಮಾತುಕತೆ, ಜಾಹೀರಾತಿನ ಸ್ಕ್ರೀನ್‌ಶಾಟ್ ಎಲ್ಲ ಎತ್ತಿಟ್ಟುಕೊಳ್ಳಿ. ನಾವು ದೂರು ಕೊಟ್ಟಿದ್ದೇವೆ, ಆ ಜಾಹೀರಾತನ್ನೂ ರಿಪೋರ್ಟ್ ಮಾಡಿದ್ದೇವೆ. ನಿಮ್ಮ ಮನೆಯ ಹಿರಿಯರ ಫೋನಿನಲ್ಲಿ ನಿಮಗೆ ಗೊತ್ತಿರುವ ಒಬ್ಬ ಪ್ಲಂಬರ್ ನಂಬರನ್ನು ಇವತ್ತೇ ಸೇವ್ ಮಾಡಿಕೊಡಿ.